ಲಾಲಪ್ಪನಿಗೆ ಕೋಟು ತೊಡಿಸಿದ ಪ್ರಸಂಗ

ಇನ್ನು ಮುಂದೆ ಈ ಕೈಯಿಂದ ಒಂದೇ ಒಂದು ಕೆಟ್ಟ ಫೋಟೋ ಹೊರಬೀಳಕೂಡದು ಎಂದು ನಾನು ಒಂದು ಬೆಳಗ್ಗೆ ಚಹಾದ ಬಸಿಯನ್ನು ಸಾಕ್ಷಿಯಾಗಿಟ್ಟುಕೊಂಡು ಪ್ರತಿಜ್ಞೆ ಮಾಡಿದೆ. ಭೀಷ್ಮನ ಪ್ರತಿಜ್ಞೆಯಿಂದ ಒಂದು ವಂಶಕ್ಕೆ ಮಾತ್ರ ತೊಂದರೆಯಾಯಿತು. ನನ್ನ ಪ್ರತಿಜ್ಞೆಯಿಂದ ಪುಣೆಯ ಯೆರವಡಾದ ಮರಗಿಡ, ದನಕರು, ಸೈಕಲ್ಲು, ಕರೆಂಟು ಕಂಬ, ಕೊನೆಗೆ ಒಬ್ಬ ಮನುಷ್ಯ, ಯಾರೂ ಉಳಿಯಲಿಲ್ಲ.

ಇದಕ್ಕೆಲ್ಲ ಕಾರಣ ನನ್ನ ಹೆಂಡತಿಯ ತಮ್ಮ ಪ್ರೇಮಕುಮಾರ. ಬೀದರಿನಲ್ಲಿ ಕುಳಿತು ಭೂಮಂಡಲದ ತಪ್ಪುಗಳನ್ನು ಹುಡುಕುವುದು ಅವನ ಉದ್ಯೋಗ. ನಾನು ಪಿಂಪ್ರಿಯ ಒಂದು ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಬೆಳಗಿನ ತಿರುಗಾಟದಲ್ಲಿ ಕಣ್ಣಿಗೆ ಬಿದ್ದದ್ದನ್ನು ಮೊಬೈಲಿನಲ್ಲಿ ಹಿಡಿದು, ಮನೆತನದ ವಾಟ್ಸಾಪ್ ಗುಂಪಿಗೆ 'ಶುಭೋದಯ' ಎಂದು ಕಳಿಸುವ ಚಟ ಹಚ್ಚಿಕೊಂಡಿದ್ದೆ. ಒಂದು ದಿನ ಹೊಂಗೆಯ ಮರ ಗಲ್ಲಿಯ ತುಂಬ ಹೂ ಚೆಲ್ಲಿತ್ತು. ಕೆಳಗೊಂದು ಬೆಕ್ಕು ಅಂಗಾತ ಮಲಗಿತ್ತು. ಸಾಕ್ಷಾತ್ ಸ್ವರ್ಗ! ತೆಗೆದೆ, ಕಳಿಸಿದೆ. ಗುಂಪಿನಲ್ಲಿ ಪ್ರೇಮಕುಮಾರನ ಉತ್ತರ ಬಂತು.

"ಮಾಮಾ, ಕಸದ ಡಬ್ಬಿ ಭಾಳ ಚಂದ ಬಂದದ."

ನೋಡಿದರೆ ಹೌದು. ಮರ ಎಲ್ಲೋ ಮೂಲೆಯಲ್ಲಿ ನಾಚಿಕೊಂಡು ನಿಂತಿತ್ತು. ಬೆಕ್ಕಿನ ಬಾಲ ಮಾತ್ರ ಬಂದಿತ್ತು. ನಟ್ಟನಡುವೆ ಹಸಿರು ಕಸದ ಡಬ್ಬಿ ಮದುಮಗನ ಹಾಗೆ ವಿರಾಜಮಾನವಾಗಿತ್ತು. ಗುಂಪಿನಲ್ಲಿದ್ದ ನೆಂಟರೆಲ್ಲ ನಕ್ಕರು. ಬದುಕಿದ್ದಾನೋ ಇಲ್ಲವೋ ಎಂದು ನಾವು ಅನುಮಾನಪಟ್ಟಿದ್ದ ಒಬ್ಬ ದೊಡ್ಡಪ್ಪ ಕೂಡ ನಕ್ಕು, ತಾನು ಬದುಕಿರುವುದನ್ನು ಖಾತ್ರಿಪಡಿಸಿದ.

ನನಗೆ ಇದು ಯಾಕೆ ಅವಮಾನವೆಂದರೆ, ಕಾರ್ಖಾನೆಯಲ್ಲಿ ಜೀವಮಾನವೆಲ್ಲ ನಾನು ಮಾಡಿದ್ದೇ ತಪಾಸಣೆಯ ಕೆಲಸ. ಮುಂದೆ ಬಂದ ಬೋಲ್ಟನ್ನು ಎತ್ತಿ, ಬೆಳಕಿಗೆ ಹಿಡಿದು, ಕೂದಲೆಳೆಯಷ್ಟು ಗೀರು ಕಂಡರೂ 'ರಿಜೆಕ್ಟ್' ಎಂದು ಕೆಂಪು ಡಬ್ಬಿಗೆ ಎಸೆಯುವುದು. ನಾನು ಎಸೆದ ಬೋಲ್ಟುಗಳನ್ನು ಒಂದರ ಮೇಲೊಂದು ಪೇರಿಸಿದ್ದರೆ ಚಂದ್ರನಿಗೆ ನಡೆದುಕೊಂಡು ಹೋಗಬಹುದಿತ್ತು. ಇಂಥ ಕಣ್ಣಿಗೆ ಕಸದ ಡಬ್ಬಿ ಕಾಣಲಿಲ್ಲವೇ! ಅದಕ್ಕೇ ಪ್ರತಿಜ್ಞೆ.

ಮೊಬೈಲಿನಲ್ಲೇ ಗುರುಗಳು ಸಿಕ್ಕರು. ಪರದೆಯ ಮೇಲೆ ಒಂಬತ್ತು ಮನೆ ಎಳೆದುಕೊಳ್ಳಬೇಕಂತೆ. ಮುಖ್ಯವಾದದ್ದು ನಡುವೆ ಇರಬಾರದು, ಗೆರೆಗಳು ಕೂಡುವ ಜಾಗದಲ್ಲಿ ಇರಬೇಕಂತೆ. ಜಾತಕಕ್ಕೆ ಹನ್ನೆರಡು ಮನೆ, ಫೋಟೋಕ್ಕೆ ಒಂಬತ್ತು. ಎರಡರಲ್ಲೂ ಬೇಕಾದ ಗ್ರಹ ಬೇಕಾದ ಮನೆಗೆ ಬರುವುದಿಲ್ಲ. ಒಂದು ಎಮ್ಮೆ ಸರಿಯಾದ ಮನೆಗೆ ಬರಲೆಂದು ನಾನು ನದೀ ದಂಡೆಯ ಮೇಲೆ ಕಾದ ಕಾಲದಲ್ಲಿ ಆ ಎಮ್ಮೆಗೇ ಮುಪ್ಪು ಬಂತು.

ಆಮೇಲೆ ಒಂದು ಬ್ರಹ್ಮಾಸ್ತ್ರ ಕೈಗೆ ಸಿಕ್ಕಿತು. ಫೋಟೋದಲ್ಲಿ ಬೇಡವಾದದ್ದರ ಮೇಲೆ ಬೆರಳು ಸವರಿದರೆ ಸಾಕು, ಅದು ಮಾಯ! ಅದರ ಹಿಂದೆ ಏನಿತ್ತೋ ಅದನ್ನು ಮೊಬೈಲು ತಾನೇ ಊಹಿಸಿ ತುಂಬಿಬಿಡುತ್ತದೆ. ಮೊದಲು ಕಸದ ಡಬ್ಬಿ ಹೋಯಿತು. ಆಮೇಲೆ ಕರೆಂಟು ತಂತಿ. ನಾನು ಅಳಿಸಿದ ತಂತಿಗಳನ್ನು ನಿಜವಾಗಿಯೂ ಕತ್ತರಿಸಿದ್ದರೆ ಸೊಲ್ಲಾಪುರದವರೆಗೆ ಕತ್ತಲಾಗುತ್ತಿತ್ತು. ನಿಲ್ಲಿಸಿದ ರಿಕ್ಷಾ, ಗೋಡೆಗೆ ಅಂಟಿಸಿದ ಜಾಹೀರಾತು, ಬೀದಿನಾಯಿ, ಪ್ಲಾಸ್ಟಿಕ್ ಚೀಲ ಎಲ್ಲ ಹೋದವು. ಯಾವ ಸರಕಾರದ ಕೈಲೂ ಆಗದ ಸ್ವಚ್ಛತೆಯನ್ನು ನಾನು ಕುರ್ಚಿಯಲ್ಲಿ ಕುಳಿತು ಒಂದು ಬೆರಳಿನಿಂದ ಸಾಧಿಸಿದೆ.

ಹೆಂಡತಿ ಶಿವಕಾಂತಾ ಮಾತ್ರ ಈ ಸಾಧನೆಯನ್ನು ಬೇರೆ ಕೋನದಿಂದ ನೋಡಿದಳು.

"ಮನಿ ಒರಸ್ರಿ ಅಂದ್ರ ಸೊಂಟ ಹಿಡೀತದ. ಫೋಟೋ ಒರಸಲಾಕ ಮಾತ್ರ ಸೊಂಟ ನೆಟ್ಟಗ ಇರ್ತದ."

"ಇದು ಕಲಾ, ನಿನಗ ತಿಳೀದಿಲ್ಲ."

"ಹಂಗಾದ್ರ ನಿಮ್ಮ ಕಲಾ ಬಚ್ಚಲದಾಗೂ ಒಂದೀಟು ತೋರಿಸ್ರಿ. ಪಾಚಿ ಕಟ್ಟ್ಯಾದ."

ಇನ್ನು ಲಾಲಪ್ಪನ ವಿಷಯ.

ನಮ್ಮ ಮನೆಯೆದುರು ಏಳುತ್ತಿದ್ದ ಕಟ್ಟಡಕ್ಕೆ ಲಾಲಪ್ಪ ಕಾವಲುಗಾರ. ಆಳಂದದ ಕಡೆಯವನು. ಹರೆಯದಲ್ಲಿ ಗಾರೆಯ ಬುಟ್ಟಿ ಹೊರಲು ಪುಣೆಗೆ ಬಂದವನು. ಅರ್ಧ ಪುಣೆ ಅವನ ಬಲ ಹೆಗಲ ಮೇಲಿಂದ ಮೇಲೆ ಹತ್ತಿದೆ ಎಂದರೆ ನೀವು ನಂಬಲಿಕ್ಕಿಲ್ಲ, ಆದರೆ ಅವನ ಹೆಗಲನ್ನು ನೋಡಿದ್ದರೆ ನಂಬುತ್ತಿದ್ದಿರಿ. ಅದು ಎಡ ಹೆಗಲಿಗಿಂತ ಗೇಣು ಕೆಳಗೆ ಇಳಿದುಹೋಗಿತ್ತು. ಹೊರುವ ಶಕ್ತಿ ಹೋದ ಮೇಲೆ ಕುರ್ಚಿ ಕೊಟ್ಟು ರಾತ್ರಿ ಕಾವಲಿಗೆ ಕೂರಿಸಿದ್ದರು. ಅವನ ಹೆಂಡತಿ ಯಮನವ್ವ ಅಲ್ಲೇ ಹಗಲು ಇಟ್ಟಿಗೆ ಹೊರುತ್ತಿದ್ದಳು. ಕಟ್ಟಡದ ಮೂಲೆಯ ತಗಡಿನ ಕೋಣೆಯೇ ಅವರ ಮನೆ.

ಬೆಳಗ್ಗೆ ಪಾಳಿ ಮುಗಿದದ್ದೇ ಲಾಲಪ್ಪ ಟಾಕಿಯ ನೀರಲ್ಲಿ ಮಿಂದು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಬಿಳಿ ಟೋಪಿಯನ್ನು ನೇರ ಮಾಡಿಕೊಂಡು ನಮ್ಮ ಗೇಟಿನ ಮುಂದೆ ಹಾಜರಾಗುತ್ತಿದ್ದ. "ನಡೀರಿ ಅಣ್ಣಾರ, ಬಿಸಲು ಏರ್ತದ." ನನ್ನ ಛತ್ರಿಯನ್ನು ತಾನೇ ಹಿಡಿಯುತ್ತಿದ್ದ. ಊರ ಕಡೆಯ ಮಾತು ಕಿವಿಗೆ ಬೀಳುತ್ತದಲ್ಲ ಎಂದು ನನಗೂ ಹಿತ. ಆದರೆ ಅವನಲ್ಲಿ ಒಂದೇ ಒಂದು ದೋಷವಿತ್ತು. ನಾನು ಎಲ್ಲಿ ಮೊಬೈಲು ಎತ್ತಿದರೂ ಅವನು ಚೌಕಟ್ಟಿನ ಒಳಗೆ ಇರುತ್ತಿದ್ದ.

ಬೇವಿನ ಮರಕ್ಕೆ ಗುರಿಯಿಟ್ಟರೆ ಮರದ ಬಲಕ್ಕೆ ಲಾಲಪ್ಪ. ಮಳೆ ನಿಂತ ಹೊಂಡದಲ್ಲಿ ಆಕಾಶ ಹಿಡಿದರೆ ಆಕಾಶದಲ್ಲಿ ತಲೆಕೆಳಗಾಗಿ ಲಾಲಪ್ಪ. ಎಮ್ಮೆಯ ಹಿಂದೆ ಲಾಲಪ್ಪ. ಇಂದ್ರನ ಅಮರಾವತಿಯನ್ನು ತೆಗೆದಿದ್ದರೂ ಐರಾವತದ ಪಕ್ಕ ಕೈ ಕಟ್ಟಿಕೊಂಡು ಲಾಲಪ್ಪ ನಿಂತಿರುತ್ತಿದ್ದ. ಒಂದು ಸಲವೂ ನಡುವೆ ಬರುತ್ತಿರಲಿಲ್ಲ. ಯಾವಾಗಲೂ ಅಂಚಿನಲ್ಲಿ, ಉಸಿರು ಬಿಗಿಹಿಡಿದು, ಮುಂದಕ್ಕೆ ನೋಡುತ್ತ. ತೆಗೆದಾದ ಮೇಲೆ ಹತ್ತಿರ ಬಂದು ಮೆಲ್ಲಗೆ ಕೇಳುತ್ತಿದ್ದ:

"ಅಣ್ಣಾರ, ನಾ ಬಂದೀನೇನ್ರಿ?"

"ಬಂದೀ ಮಾರಾಯ, ಬಂದೀ."

ನಾನು ದೂರುವ ದನಿಯಲ್ಲಿ ಹೇಳುತ್ತಿದ್ದೆ. ಅವನು ಅದನ್ನು ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡು ಮುಂದೆ ನಡೆಯುತ್ತಿದ್ದ. ತೋರಿಸಿ ಎಂದು ಒಂದು ದಿನವೂ ಕೇಳಲಿಲ್ಲ. ನಾನು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಆ ಗಳಿಗೆಯಲ್ಲಿ ಅವನು ಬಂದೇ ಇರುತ್ತಿದ್ದ. ಮನೆಗೆ ಹೋಗಿ ಕನ್ನಡಕ ಹಾಕಿಕೊಂಡ ಮೇಲೆ ನಾನು ಬೆರಳು ಸವರುತ್ತಿದ್ದೆ, ಅಷ್ಟೆ.

ಒಮ್ಮೆ ಒಂದು ಸರಕಾರಿ ಗೋಡೆಯ ಮೇಲೆ ಕಾಗದದ ಹೂವಿನ ಬಳ್ಳಿ ಬೆಂಕಿಯ ಹಾಗೆ ಹರಡಿತ್ತು. ನಾನು ಒಂಬತ್ತು ಮನೆಗಳನ್ನು ಹೊಂದಿಸುತ್ತ ರಸ್ತೆಯಲ್ಲಿ ಕುಕ್ಕರುಗಾಲಲ್ಲಿ ಕುಳಿತಿದ್ದಾಗ ಹಿಂದಿನಿಂದ ಒಬ್ಬ ಪೊಲೀಸಪ್ಪ ಬಂದ.

"ಕಾಯ್ ಕಾಕಾ, ಭಿಂತೀಚಾ ಫೋಟೋ ಕಶಾಲಾ?"

ಗೋಡೆಯ ಫೋಟೋ ಯಾಕೆ ಎಂದು ಅವನ ಪ್ರಶ್ನೆ. ಸರಳವಾದ ಪ್ರಶ್ನೆಗೆ ಸರಳವಾಗಿ ಉತ್ತರಿಸುವ ಗುಣ ನನ್ನ ಜಾತಕದ ಹನ್ನೆರಡು ಮನೆಗಳಲ್ಲಿ ಒಂದರಲ್ಲೂ ಇಲ್ಲ. ನಾನು ಬೆಳಕು, ನೆರಳು, ಗೆರೆಗಳು ಕೂಡುವ ಜಾಗ ಇತ್ಯಾದಿಯಾಗಿ ಉಪನ್ಯಾಸ ಶುರುಮಾಡಿದೆ. ಅವನ ಹುಬ್ಬು ಮೇಲೇರುತ್ತ ಹೋಗಿ ಟೋಪಿಯೊಳಗೆ ಮರೆಯಾಯಿತು. ನನ್ನನ್ನು ಠಾಣೆಗೆ ಕರೆದೊಯ್ಯುವುದೋ ಆಸ್ಪತ್ರೆಗೋ ಎಂದು ಅವನು ತೂಗಿ ನೋಡುತ್ತಿದ್ದಾಗ ಲಾಲಪ್ಪ ಛತ್ರಿ ಮಡಚಿಕೊಂಡು ನಡುವೆ ಬಂದ.

"ಸಾಹೇಬ, ಕಾಕಾಂಚಂ ಡೋಕಂ ಠೀಕ್ ಆಹೇ. ಫಕ್ತ್ ರಿಟಾಯರ್ ಝಾಲೇತ್."

ಕಾಕಾನ ತಲೆ ಸರಿಯಾಗಿಯೇ ಇದೆ, ನಿವೃತ್ತರಾಗಿದ್ದಾರೆ ಅಷ್ಟೆ. ಪೊಲೀಸಪ್ಪನ ಮುಖ ಕರಗಿತು. ಅವನ ಅಪ್ಪನೂ ನಿವೃತ್ತನಂತೆ, ಮನೆಯ ಗಡಿಯಾರಗಳನ್ನೆಲ್ಲ ಬಿಚ್ಚಿ ಹಾಕುತ್ತಾನಂತೆ. ನನ್ನ ಭುಜ ತಟ್ಟಿ ಹೋದ. ಹೀಗೆ ಬೆಳಗ್ಗೆ ನನ್ನನ್ನು ಬಿಡಿಸಿದವನನ್ನು ನಾನು ಆ ಸಂಜೆಯೇ ಕಾಗದದ ಹೂವಿನ ಫೋಟೋದಿಂದ ಬಿಡಿಸಿದೆ. ಬಳ್ಳಿಯ ಮುಂದೆ ಅವನ ಟೋಪಿ ಕಣ್ಣಿಗೆ ಚುಚ್ಚುತ್ತಿತ್ತು.

ಒಂದೇ ಒಂದು ಸಲ ನನ್ನ ಬ್ರಹ್ಮಾಸ್ತ್ರ ಕೈಕೊಟ್ಟಿತ್ತು. ಅವರ ತಗಡಿನ ಕೋಣೆಯ ಪಕ್ಕದ ಗೋಡೆ, ಅದಕ್ಕೊರಗಿದ ಸೈಕಲ್ಲು, ಮೇಲೆ ಎಳೆಬಿಸಿಲು. ಯಮನವ್ವ ಒಣಹಾಕಿದ ಹಸಿರು ಸೀರೆ ಹಗ್ಗದ ಸಮೇತ ಜೋತುಬಿದ್ದು ಅಡ್ಡವಾಗಿತ್ತು. "ಸೀರಿ ಅಡ್ಡ ಬರ್ಲಾಕತ್ತದ," ಎಂದು ಗೊಣಗಿದೆ. ಲಾಲಪ್ಪ ಓಡಿಹೋಗಿ ಒಂದು ಕೈಯಿಂದ ಹಗ್ಗ ಎತ್ತಿ ಹಿಡಿದು ನಿಂತ. ಮನೆಯಲ್ಲಿ ಲಾಲಪ್ಪನನ್ನು ಅಳಿಸಿದೆ, ಹೋದ. ಗೋಡೆಯ ಮೇಲೆ ಬಿದ್ದಿದ್ದ ಅವನ ನೆರಳು ಮಾತ್ರ ಹಠ ಹಿಡಿಯಿತು. ಸವರಿದಷ್ಟೂ ಗೋಡೆ ರಾಡಿಯಾಯಿತೇ ಹೊರತು ನೆರಳು ಕದಲಲಿಲ್ಲ. ಅತ್ತ ಹಗ್ಗ ಯಾರೂ ಹಿಡಿಯದೆ ಗಾಳಿಯಲ್ಲಿ ಎದ್ದು ನಿಂತಿತ್ತು. 'ರಿಜೆಕ್ಟ್' ಎಂದೆ. ಯಾರಿಗೂ ಕಳಿಸದೆ ಅದನ್ನು ಹಾಗೇ ಬಿಟ್ಟೆ.

ಅಷ್ಟರಲ್ಲಿ ಮೊಬೈಲಿನ ಹೊಟ್ಟೆ ತುಂಬಿ, ಇನ್ನು ಜಾಗವಿಲ್ಲ ಎಂದು ಅದು ಕೈ ತೊಳೆದುಕೊಂಡಿತು. ನಾನು ಬುದ್ಧಿವಂತಿಕೆಯ ಪರಮಾವಧಿಯನ್ನು ಮುಟ್ಟಿದ್ದು ಆಗಲೇ. ಒರೆಸಿ ಚೊಕ್ಕಟ ಮಾಡಿದ ಫೋಟೋಗಳನ್ನು ಇಟ್ಟುಕೊಂಡು, ಮೊದಲಿನ ಮೂಲ ಫೋಟೋಗಳನ್ನೆಲ್ಲ ಒಂದೇ ಏಟಿಗೆ ತೆಗೆದುಹಾಕಿದೆ. ಆಮೇಲಿನವುಗಳ ಮೂಲವನ್ನೂ ಒರೆಸಿದ ಕೂಡಲೇ ತೆಗೆದುಹಾಕುತ್ತ ಬಂದೆ. ಕೆಂಪು ಡಬ್ಬಿಗೆ ಎಸೆದ ಬೋಲ್ಟನ್ನು ಯಾರಾದರೂ ಮತ್ತೆ ಮನೆಗೆ ತಂದಿಟ್ಟುಕೊಳ್ಳುತ್ತಾರೆಯೇ?

ಮಳೆಗಾಲ ಮುಗಿಯುತ್ತ ಬಂದಿತ್ತು. ಒಂದು ಬೆಳಗ್ಗೆ ಲಾಲಪ್ಪ ಗೇಟಿನ ಮುಂದೆ ಇರಲಿಲ್ಲ. ಬರೆಯಲು ಕೈ ಏಳುವುದಿಲ್ಲ, ಆದರೂ ಬರೆಯುತ್ತೇನೆ: ನನಗೆ ಖುಷಿಯಾಯಿತು. ಇವತ್ತು ಚೌಕಟ್ಟು ಖಾಲಿ ಸಿಗುತ್ತದೆ ಎಂದುಕೊಂಡೆ. ನದಿಯ ಕಡೆ ಒಬ್ಬನೇ ಹೋದೆ. ಕಲ್ಲಿನ ಮೇಲೆ ಒಂದು ಬೆಳ್ಳಕ್ಕಿ, ಬೇಕಾದ ಮನೆಯಲ್ಲಿ, ನನಗೋಸ್ಕರವೇ ನೇಮಿಸಿದ ಹಾಗೆ ನಿಂತಿತ್ತು. ತೆಗೆದೆ. ಅಳಿಸಲು ಏನೂ ಇರಲಿಲ್ಲ. ನನ್ನ ಜೀವಮಾನದ ಶ್ರೇಷ್ಠ ಫೋಟೋ. ಅದನ್ನು ಶಿವಕಾಂತಾಗೆ ತೋರಿಸಬೇಕೆಂದು ಮೊಬೈಲು ಕೈಯಲ್ಲೇ ಹಿಡಿದು ಬಂದರೆ ಅವಳು ಗೇಟಿನಲ್ಲೇ ನಿಂತಿದ್ದಳು.

"ಚಪ್ಲಿ ಬಿಡಬ್ಯಾಡ್ರಿ. ಲಾಲಪ್ಪ ಹೋದ."

"ಎಲ್ಲಿಗಿ?" ಎಂದೆ.

ಅವಳು ಬೀದಿಯಾಚೆ ಕೈ ತೋರಿಸಿದಳು. ಎದುರಿನ ಕಟ್ಟಡದ ಮುಂದೆ ಜನ ಸೇರಿದ್ದರು. ಪಾಳಿ ಮುಗಿಯುವ ಹೊತ್ತಿಗೆ ಕುರ್ಚಿಯಲ್ಲಿ ಕೂತವನು ಕೂತ ಹಾಗೆಯೇ ಹೋಗಿದ್ದ. ಇಸ್ತ್ರಿ ಮಾಡಿದ ಅಂಗಿ ತಗಡಿನ ಗೋಡೆಯ ಮೊಳೆಗೆ ನೇತಾಡುತ್ತಿತ್ತು.

ಮಣ್ಣು ಇಲ್ಲೇ ಆಯಿತು. ದಿವಸದ ಕರ್ಮ ಮಾತ್ರ ಊರಲ್ಲಿ ಮಾಡಬೇಕೆಂದು ಬಂಧುಗಳು ನಿಶ್ಚಯಿಸಿದರು. ಊರಿಗೆ ಹೊರಡುವ ಮೊದಲು ಯಮನವ್ವ ನಮ್ಮ ಮನೆಗೆ ಬಂದಳು. ಒಳಗೆ ಕರೆದರೂ ಬರದೆ ಹೊಸ್ತಿಲ ಬಳಿಯೇ ಕುಳಿತಳು.

"ಅಣ್ಣಾರ, ಅವರದೊಂದು ಫೋಟೋ ಕೊಡ್ರಿ. ದಿವಸಕ್ಕ ಇಡಬೇಕು. ಮನ್ಯಾಗ ಒಂದೂ ಇಲ್ರಿ. ಮಗಳು ಅಕ್ಕೂನ ಲಗ್ನದಾಗ ತೆಗದಿದ್ದೊಂದು ಅದ, ಅದರಾಗ ಬಗ್ಗಿ ಸಾರು ಬಡಸಲಾಕತ್ತಾರ, ಟೋಪಿ ಅಷ್ಟೇ ಕಾಣ್ತದ. ನಮ್ಮ ಮೈದುನನ ಮಗ ದತ್ತೂನ ಮೊಬೈಲ್‌ದಾಗ ನೋಡಿದ್ರ ಬರೀ ದತ್ತೂನೇ ಅದಾನ."

ನಾನು ಜೇಬಿನ ಮೇಲಿಂದಲೇ ಮೊಬೈಲನ್ನು ಒತ್ತಿ ಹಿಡಿದೆ.

"ನನಗೇನ್ ಚಿಂತಿ ಇಲ್ರಿ," ಎಂದು ಅವಳೇ ಮುಂದುವರಿಸಿದಳು. "ಅವರು ದಿನಾ ಹೇಳ್ತಿದ್ರು. ಅಣ್ಣಾರ ಬಲ್ಲಿ ನಂದು ರಾಶಿ ಫೋಟೋ ಅದಾವ, ಎಲ್ಲಾದ್ರಾಗೂ ಬಂದೀನಿ ಅಂತಿದ್ರು. ಅದಕ್ಕೇ ಅಲ್ರಿ, ರಾತ್ರಿಯೆಲ್ಲಾ ಕುಂತು ಬಂದ್ರೂ ಮಲಗ್ತಿದ್ದಿಲ್ಲ. ಇಸ್ತ್ರಿ ಅಂಗಿ ಹಾಕ್ಕೊಂಡು ಬರ್ತಿದ್ರು. ನಾ ನಗ್ತಿದ್ದೆ, ಮುದಕಗ ಲಗ್ನ ಅದ ಅಂತ."

ಇಷ್ಟು ದಿನ ನಾನು ತಿಳಿದಿದ್ದೆ, ಇಸ್ತ್ರಿ ಅಂಗಿ ಅವನ ಶಿಸ್ತು, ಅಡ್ಡ ಬರುವುದು ಅವನ ದಡ್ಡತನ ಎಂದು. ನನ್ನದೊಂದು ತೆಗೆಯಿರಿ ಎಂದು ಬಾಯಿಬಿಟ್ಟು ಕೇಳುವ ಸಂಕೋಚಕ್ಕೆ ಮನುಷ್ಯ ಚೌಕಟ್ಟಿನ ಅಂಚಿನಲ್ಲಿ ದಿನವೂ ನಿಲ್ಲುತ್ತಿದ್ದ. ಬೋಲ್ಟಿನ ಗೀರು ಕಾಣುವ ಕಣ್ಣಿಗೆ ಅದು ಕಾಣಲಿಲ್ಲ.

"ಕೊಡ್ತೀನಿ ಯಮನವ್ವ," ಎಂದೆ. "ಚಲೋದೊಂದು ಆರಿಸಿ ಕೊಡ್ತೀನಿ."

ಅವಳು ಹೋದ ಮೇಲೆ ಮೊಬೈಲಿನಲ್ಲಿ ಮುಳುಗಿದೆ. ಮಧ್ಯಾಹ್ನ ಊಟಕ್ಕೆ ಕರೆಯಲು ಬಂದ ಶಿವಕಾಂತಾ ಕೇಳಿದಳು:

"ಏನು ಹುಡಕಲಾಕತ್ತೀರಿ?"

"ಲಾಲಪ್ಪನ್ನ."

"ಸಿಕ್ಕನ?"

"ಮೊಣಕೈ ಸಿಕ್ಕದ. ಎಮ್ಮಿ ಹಿಂದ ಒಂದು ಚಪ್ಲಿ ಅದ. ಬೇವಿನ ಟೊಂಗಿ ನಡುವ ಅದೇನೋ ಕಿವಿ ಇದ್ದಂಗ ಅದ."

ಅವಳು ಎದುರಿಗೆ ಕುಳಿತಳು.

"ಅಲ್ರಿ, ಮನುಷ್ಯಾಗ ಒರಸೀರಾ?"

"ಅಡ್ಡ ಬರ್ತಿದ್ದ."

"ಅಡ್ಡ ನಾನೂ ಬರ್ತೀನಿ. ದಿನಾ ಮೂರು ಹೊತ್ತು." ನನ್ನ ಕೈಯಿಂದ ಮೊಬೈಲು ಕಸಿದುಕೊಂಡು ಫೋಟೋಗಳನ್ನು ಸರಿಸುತ್ತ ಹೋದಳು. ಉದ್ದಕ್ಕೂ ಸರಿಸಿದಳು. ಕೊನೆ ಮುಟ್ಟಿದ ಮೇಲೆ ಏನೋ ಹೇಳಲು ಬಾಯಿ ತೆರೆದು, ಹೇಳದೆ ಮೊಬೈಲನ್ನು ವಾಪಸು ಕೊಟ್ಟಳು. "ಹೋಗಿ ಖರೆ ಹೇಳಿಬಿಡ್ರಿ ಆಕಿಗಿ."

"ಹೇಳ್ತೀನಿ. ಅದಕ್ಕಿಂತ ಮೊದಲ ಒಂದು ಉಪಾಯ ಅದ."

ನನ್ನ ಉಪಾಯಗಳ ಚರಿತ್ರೆ ಬಲ್ಲ ಅವಳು ಹಣೆ ಚಚ್ಚಿಕೊಂಡು ಒಳಗೆ ಹೋದಳು.

ಫೋಟೋದ ಕೆಳಗೆ ಹೆಸರು ಸರಿಯಾಗಿ ಬರೆಸಬೇಕೆಂಬ ನೆಪ ಹೇಳಿ ಯಮನವ್ವನಿಂದ ಲಾಲಪ್ಪನ ಆಧಾರ್ ಕಾರ್ಡು ತಂದೆ. ಆ ಕಾರ್ಡಿನಲ್ಲಿ ಯಾರೂ ತಮ್ಮ ಹಾಗೆ ಕಾಣುವುದಿಲ್ಲ ಎಂಬುದು ಜಗತ್ತಿಗೇ ಗೊತ್ತು. ಲಾಲಪ್ಪನದರಲ್ಲಿ ಯಾರೂ ಕಾಣುತ್ತಲೇ ಇರಲಿಲ್ಲ. ಅಂಗಿಯ ಜೇಬಿನ ಬೆವರು ಕುಡಿದು ಕುಡಿದು, ಮುಖವಿದ್ದ ಜಾಗದಲ್ಲಿ ಮೋಡ ಕವಿದಿತ್ತು. ಅದನ್ನೇ ಹಿಡಿದು ಶಿವಾಜಿನಗರದ ಒಂದು ಸ್ಟುಡಿಯೋಕ್ಕೆ ಹೋದೆ. ಮಾಲೀಕ ಏಕನಾಥ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದ.

"ಚಿಂತಾ ಕರೂ ನಕಾ ಕಾಕಾ," ಚಿಂತೆ ಬೇಡ ಎಂದು ಅಭಯ ಕೊಟ್ಟ. ಈಗಿನ ಕಂಪ್ಯೂಟರಿಗೆ ಮೋಡ ಕೊಟ್ಟರೆ ಸಾಕಂತೆ, ಮುಖ ಅದೇ ಮಾಡಿಕೊಳ್ಳುತ್ತದಂತೆ. ಆಮೇಲೆ, ಕೋಟು ಯಾವ ಬಣ್ಣದ್ದು ಎಂದು ಮರಾಠಿಯಲ್ಲಿ ಕೇಳಿದ.

ಅವನು ಜನ್ಮದಲ್ಲಿ ಕೋಟು ತೊಟ್ಟವನಲ್ಲ ಎಂದೆ.

"ಬದುಕಿದ್ದಾಗ ತೊಡಲಿಲ್ಲವೆಂದೇ ಈಗ ತೊಡಿಸಬೇಕು ಕಾಕಾ. ನನ್ನ ಅಂಗಡಿಯಿಂದ ಕೋಟಿಲ್ಲದೆ ಇದುವರೆಗೆ ಯಾರೂ ಮೇಲೆ ಹೋಗಿಲ್ಲ."

ಹಾಗಾದರೆ ಕರಿದೇ ಇರಲಿ ಎಂದೆ. ಒಳಗೊಳಗೆ ನನಗೂ ಅನಿಸಿತ್ತು, ಒರೆಸಿದ ಪಾಪಕ್ಕೆ ಒಂದು ಕೋಟಾದರೂ ಇರಲಿ ಎಂದು.

ಮರುದಿನ ಚಿನ್ನದ ಬಣ್ಣದ ಕಟ್ಟಿನಲ್ಲಿ ಲಾಲಪ್ಪ ಸಿದ್ಧನಾಗಿದ್ದ. ಏನು ಕಳೆ! ಕರಿ ಕೋಟು, ಕೆಂಪು ಟೈ, ಹಾಲಿನಂಥ ಮೈಬಣ್ಣ. ಟೋಪಿ ತೆಗೆದ ತಲೆಯಲ್ಲಿ ಕಪ್ಪು ಕೂದಲು ಉಕ್ಕಿ ಹರಿಯುತ್ತಿತ್ತು. ಬಾಯಲ್ಲಿ ಲಾಲಪ್ಪನಿಗೆ ಎಂದೂ ಇರದಷ್ಟು ಹಲ್ಲು. ಎರಡೂ ಹೆಗಲು ತಕ್ಕಡಿಯಲ್ಲಿ ತೂಗಿದ ಹಾಗೆ ಸಮ. ಹಿಂದೆ ಹಿಮ ಮುಚ್ಚಿದ ಬೆಟ್ಟ. ಕೈಲಾಸವೇ ಇರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಶಿವಕಾಂತಾಳನ್ನು ಕರೆದುಕೊಂಡು ತಗಡಿನ ಕೋಣೆಗೆ ಹೋದೆ. ಯಮನವ್ವ ಕೈ ಒರೆಸಿಕೊಂಡು, ಸೆರಗು ತಲೆಯ ಮೇಲೆ ಎಳೆದುಕೊಂಡು, ಕಟ್ಟನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು. ಹತ್ತಿರ ಹಿಡಿದು ನೋಡಿದಳು. ದೂರ ಹಿಡಿದು ನೋಡಿದಳು. ನನಗೆ ಬೇಜಾರಾಗಬಾರದೆಂದು ಬಹಳ ಮರ್ಯಾದೆಯಿಂದ ಹೇಳಿದಳು:

"ಭಾಳ ಚಂದ ಅದಾರ್ರಿ ಅಣ್ಣಾರ. ಯಾರವರು?"

ನಾನು ಬದುಕಿನಲ್ಲಿ ಎಷ್ಟೋ ಮಾತಿಗೆ ಸಿಕ್ಕಿಹಾಕಿಕೊಂಡು ಜೋಕು ಹೊಡೆದು ಪಾರಾದವನು. ಆ ದಿನ ಜೋಕುಗಳ ಉಗ್ರಾಣವನ್ನೇ ತಡಕಾಡಿದೆ. ಒಂದೂ ಕೈಗೆ ಹತ್ತಲಿಲ್ಲ. ಶಿವಕಾಂತಾ ನನ್ನನ್ನೇ ನೋಡುತ್ತಿದ್ದಳು.

"ಯಮನವ್ವ, ನನ್ನ ಬಲ್ಲಿ ಲಾಲಪ್ಪನ ಫೋಟೋ ಇಲ್ಲ," ಎಂದೆ. "ತೆಗದಿದ್ದೆ, ಭಾಳ ತೆಗದಿದ್ದೆ. ಆಮ್ಯಾಲ ಅವನಿಗಿ ಎಲ್ಲಾದ್ರಾಗಿಂದೂ ಒರಸೀನಿ."

"ಯಾಕ್ರಿ?"

ಒಂಬತ್ತು ಮನೆ, ಗೆರೆಗಳು, ಬೆಳಕು ಎಲ್ಲ ನಾಲಿಗೆಯ ತನಕ ಬಂದು ಹಿಂದೆ ಹೋದವು.

"ಫೋಟೋ ಚಂದ ಕಾಣಲಿ ಅಂತ."

ಅವಳು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ನೆಲ ನೋಡುತ್ತ ಯೋಚಿಸಿದಳು.

"ಒರಸಿದ್ದು ಅವರಿಗಿ ಹೇಳಿದ್ರೇನ್ರಿ?"

"ಇಲ್ಲ."

"ಹೇಳಿಲ್ಲಂದ್ರ ಚಲೋ ಆತು ಬಿಡ್ರಿ. ಭಾಳ ಖುಷೀಲೇ ಇದ್ರು."

ಅಲ್ಲೇ ಇದ್ದ ಸಿಮೆಂಟಿನ ಚೀಲದ ಮೇಲೆ ಕುಳಿತೆ. ಅವಳೇ ಮತ್ತೆ ಅಂದಳು:

"ಒರಸಿದ್ದಾದ್ರೂ ತೋರಿಸ್ರಿ. ಎಲ್ಲೆಲ್ಲಿ ನಿಂತಿದ್ರು, ಆ ಜಾಗಾರ ನೋಡ್ತೀನಿ. ನಾ ಒಂದಿನಾನೂ ನಿಮ್ಮ ಸಂಗಾಟ ಬಂದಿಲ್ಲ."

ಮೊಬೈಲು ತೆಗೆದೆ. ತಪಾಸಣೆಯ ಕೆಲಸ ಮತ್ತೊಮ್ಮೆ ಶುರುವಾಯಿತು, ಈ ಸಲ ತಿರುವುಮುರುವು. "ಇಲ್ಲಿ, ಈ ಬೇವಿನ ಮರದ ಬಲಕ್ಕ. ಇದು ನದಿ ದಂಡಿ, ಇಲ್ಲಿ ಕೈ ಕಟ್ಟಿಕೊಂಡು ನಿಂತಿದ್ದ. ಈ ಹೂವಿನ ಗ್ವಾಡಿ ಮುಂದ ಪೊಲೀಸ್ನವನ ಕೈಯಿಂದ ನನ್ನ ಬಿಡಿಸಿದ." ಯಮನವ್ವ ಒಂದೊಂದರಲ್ಲೂ ನಾನು ತೋರಿಸಿದ ಖಾಲಿ ಜಾಗದ ಮೇಲೆ ಬೆರಳಾಡಿಸುತ್ತಿದ್ದಳು. ನಾನು ಅಳಿಸಲು ಹೇಗೆ ಸವರಿದ್ದೆನೋ ಹಾಗೆಯೇ. ಬೇರೇನೂ ಗೊತ್ತಿಲ್ಲದವರು ನೋಡಿದ್ದರೆ ಅವಳೂ ಏನನ್ನೋ ಅಳಿಸುತ್ತಿದ್ದಾಳೆ ಎಂದುಕೊಳ್ಳುತ್ತಿದ್ದರು.

ಒಂದು ಫೋಟೋದ ಬಳಿ ಅವಳ ಬೆರಳು ನಿಂತಿತು.

"ತಡೀರಿ. ಇದು ನನ್ನ ಸೀರಿ."

ರಿಜೆಕ್ಟ್ ಮಾಡಿದ ಫೋಟೋ. ಗೋಡೆ, ಸೈಕಲ್ಲು, ಎಳೆಬಿಸಿಲು, ಗಾಳಿಯಲ್ಲಿ ತಾನಾಗಿ ಎದ್ದು ನಿಂತ ಹಗ್ಗ. ಗೋಡೆಯ ಮೇಲೆ ಟೋಪಿಯ ನೆರಳು, ಒಂದು ಕಡೆ ಇಳಿದುಹೋದ ಹೆಗಲು, ಮೇಲೆತ್ತಿದ ಒಂದು ಕೈ.

"ಇಲ್ಲೇ ಅದಾರಲ್ರಿ ಇವರು!" ಎಂದಳು ಯಮನವ್ವ.

"ಅದು ಬರೀ ನೆರಳು, ಯಮನವ್ವ."

"ಇರ್ಲಿ. ಕೋಟಿನವರಿಗಿ ನಾ ಒಲ್ಲೆ. ಇವರು ನನಗ ಗುರ್ತ ಅದಾರ." ಹೆಗಲ ನೆರಳಿನ ಮೇಲೆ ಬೆರಳಿಟ್ಟು ಮೊದಲ ಸಲ ಅತ್ತಳು. ಶಿವಕಾಂತಾ ಅವಳ ಪಕ್ಕ ನೆಲದ ಮೇಲೆ ಕುಳಿತು ಬೆನ್ನ ಮೇಲೆ ಕೈಯಿಟ್ಟಳು. ನಾನು ಹೊರಗೆ ಬಂದು ಖಾಲಿ ಕುರ್ಚಿಯನ್ನು ನೋಡುತ್ತ ನಿಂತೆ.

ಆ ಫೋಟೋ ಹಿಡಿದು ಮತ್ತೆ ಶಿವಾಜಿನಗರಕ್ಕೆ ಹೋದೆ. ಏಕನಾಥ ಅದನ್ನು ತನ್ನ ದೊಡ್ಡ ಪರದೆಯ ಮೇಲೆ ಹಾಕಿ ಆ ಮೂಲೆ ಈ ಮೂಲೆ ಹುಡುಕಿದ.

"ಕಾಕಾ, ಮಾಣೂಸ್ ಕುಠೇ ಆಹೇ?"

ಮನುಷ್ಯ ಎಲ್ಲಿ ಎಂದು ಅವನಿಗೆ ಏನು ಹೇಳಲಿ? ಸುಮ್ಮನೆ ದೊಡ್ಡದು ಮಾಡಿಕೊಡು ಎಂದೆ. ಅವನು ಗಿರಾಕಿಯ ಮೇಲಿನ ಪ್ರೀತಿಯಿಂದ, ಅನುಭವಿ ಕೈಯಿಂದ, ನೆರಳಿನ ಸುತ್ತ ಗೆರೆ ಎಳೆದ. "ಸಾವಲೀ ಕಾಢೂ ಕಾ? ಕ್ಲೀನ್ ದಿಸೇಲ್." ಈ ನೆರಳು ತೆಗೆಯಲೇ, ಚೊಕ್ಕಟ ಕಾಣುತ್ತದೆ ಎಂದು ಅದರ ಅರ್ಥ. ನಾನು ಎಷ್ಟು ಜೋರಾಗಿ "ಬ್ಯಾಡೋ!" ಎಂದು ಅವನ ಮಣಿಕಟ್ಟು ಹಿಡಿದೆನೆಂದರೆ ಶಿವಾಜಿನಗರದ ನಿಲ್ದಾಣದಿಂದ ಹೊರಟಿದ್ದ ಲೋಕಲ್ ರೈಲು ಒಂದು ಗಳಿಗೆ ನಿಂತು ಮುಂದೆ ಹೋಯಿತು. ಕನ್ನಡದಲ್ಲಿ ಕೂಗಿದ್ದು ಮರಾಠಿಯವನಿಗೆ ಸ್ಪಷ್ಟವಾಗಿ ತಿಳಿಯಿತು.

ಯಮನವ್ವ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಊರಿಗೆ ಹೋದಳು. ದಿವಸದ ದಿನ ನೆರಳಿಗೆ ಮಾಲೆ ಹಾಕಿ, ಎಡೆ ಹಿಡಿದು, ಊರವರೆಲ್ಲ ನಮಸ್ಕಾರ ಮಾಡಿದರಂತೆ. ಇದು ಯಾರು ಎಂದು ಒಬ್ಬರೂ ಕೇಳಲಿಲ್ಲವಂತೆ. ಕೋಟಿನ ಲಾಲಪ್ಪನನ್ನು ಮಾತ್ರ ಯಮನವ್ವನ ಮೈದುನನ ಮಗ ದತ್ತು ಬಿಡಲಿಲ್ಲ. ಇಷ್ಟು ಚಂದದ ಫೋಟೋ ಹಾಳಾಗಬಾರದೆಂದು ಅದನ್ನು ಆಳೆತ್ತರದ ಫ್ಲೆಕ್ಸ್ ಮಾಡಿಸಿ ಊರ ಅಗಸಿ ಬಾಗಿಲಲ್ಲಿ ಕಟ್ಟಿದನಂತೆ. ಮುಂದಿನ ಚುನಾವಣೆಗೆ ನಿಂತವನಿರಬೇಕೆಂದು ದಾರಿಹೋಕರು ಇವತ್ತಿಗೂ ಅವನಿಗೆ ಕೈ ಮುಗಿದು ಮುಂದೆ ಹೋಗುತ್ತಾರಂತೆ.

ನಾನು ಆಮೇಲೆ ಕೆಲವು ಬೆಳಗ್ಗೆ ಹೊರಗೆ ಹೋಗಿ ನೋಡಿದೆ. ಛತ್ರಿ ನಾನೇ ಹಿಡಿದುಕೊಂಡಿದ್ದೆ. ಬೇವಿನ ಮರ ಇತ್ತು. ಎಮ್ಮೆ ತಾನಾಗಿ ಸರಿಯಾದ ಮನೆಗೆ ಬಂದು ನಿಂತಿತು. ಬಲಗಡೆಯ ಅಂಚಿನಲ್ಲಿ ಯಾರೂ ಇರಲಿಲ್ಲ. ಒಂದು ಬೆರಳನ್ನೂ ಆಡಿಸದೆ ಫೋಟೋ ಅಷ್ಟು ಚೊಕ್ಕಟವಾಗಿ ಬಂದದ್ದನ್ನು ನೋಡಿ ಅಲ್ಲಿಂದಲೇ ಮನೆಗೆ ತಿರುಗಿದೆ. ಮೊಬೈಲನ್ನು ಕಪಾಟಿನ ಮೇಲಿಟ್ಟು ಸುಮ್ಮನೆ ಮನೆಯಲ್ಲಿ ಕುಳಿತೆ. ಪ್ರೇಮಕುಮಾರ ಫೋನು ಮಾಡಿ, ಶುಭೋದಯ ಯಾಕೆ ನಿಂತಿತು, ಪುಣೆಯಲ್ಲಿ ಸೂರ್ಯ ಹುಟ್ಟುವುದಿಲ್ಲವೇ ಎಂದು ಕೇಳಿದ. ನಾನು ಫೋನನ್ನು ಶಿವಕಾಂತಾಳ ಕೈಗೆ ಕೊಟ್ಟೆ.

ಒಂದು ದಿನ ಶಿವಕಾಂತಾ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ಅಲ್ಲಿಂದಲೇ ಕೂಗಿದಳು.

"ಮೊಬೈಲ್ ತಗೊಂಡು ಬರ್ರಿ. ನಂದೊಂದು ಫೋಟೋ ತೆಗೀರಿ."

"ಈಗ್ಯಾಕ?"

"ಆವತ್ತು ನಿಮ್ಮ ಮೊಬೈಲ್ ಪೂರಾ ನೋಡೀನಿ. ಎಮ್ಮಿ ಅದ, ಸೈಕಲ್ ಅದ, ಮಂದಿ ಮನೀ ಬೆಕ್ಕು ಅದ. ನಾ ಇಲ್ಲ. ನಾಳಿಗಿ ನನಗೂ ಕೋಟು ಟೈ ಹಾಕಿಸಿ ಗ್ವಾಡಿಗಿ ಹಚ್ಚಿದ್ರ, ಬಂದವರು ಯಾರವರು ಅಂತ ಕೇಳಬೇಕೇನು?"

ಮೊಬೈಲು ತಂದೆ. ಅವಳು ಒದ್ದೆ ಕೈಯನ್ನು ಸೆರಗಿಗೆ ಒತ್ತಿ, ಕೂದಲು ಹಿಂದೆ ಸರಿಸಿ, ಹಗ್ಗದ ಪಕ್ಕ ನೆಟ್ಟಗೆ ನಿಂತಳು. ಕಾಲ ಬಳಿ ನೀಲಿ ಬಕೀಟು. ನಾನು ಮೊಬೈಲು ಎತ್ತಿ ಹಿಡಿದೆ. ಪರದೆಯ ಮೇಲಿನ ಒಂಬತ್ತು ಮನೆಗಳೂ ನೀರಲ್ಲಿ ಬಿದ್ದ ಹಾಗೆ ಅಲುಗಾಡುತ್ತಿದ್ದವು. ಅವಳು ಯಾವ ಮನೆಯಲ್ಲಿದ್ದಾಳೋ ತಿಳಿಯಲಿಲ್ಲ. ಅಂದಾಜಿನ ಮೇಲೆ ಒತ್ತಿದೆ.

"ಬಂದೀನೇನ್ರಿ?"

ನಾನು ಮೊಬೈಲು ಕೆಳಗಿಳಿಸಿದೆ.

"ಬಂದೀ," ಎಂದೆ.

"ತೋರಿಸ್ರಿ."

ಲಾಲಪ್ಪ ಕೇಳದೆ ಬಿಟ್ಟ ಮಾತು ಅದು. ಅವಳು ಹತ್ತಿರ ಬಂದು ಮೊಬೈಲು ಇಸಿದುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ಬಕೀಟು ಭಾಳ ಚಂದ ಬಂದದ," ಎಂದಳು. ಮೊಬೈಲನ್ನು ನನ್ನ ಕೈಗಿಟ್ಟು, ಹಗ್ಗದ ಬಳಿ ಹೋಗಿ ಮೊದಲಿನ ಜಾಗದಲ್ಲೇ ನಿಂತಳು. "ಇನ್ನೊಂದು ತೆಗೀರಿ. ಈ ಸಲ ಮೊದಲ ಕಣ್ಣ ಒರಸ್ಕೋರಿ."